ತಲೆಯ ಮೇಲಿನ ಕಲ್ಲು ನಿಂತಿರುವುದು ಹೇಗೆ? ಜಗತ್ತಿನ ಕೆಲವು ಛಾವಣಿಗಳ ಕುರಿತು ಒಂದು ಚರ್ಚೆ

ಮಲೆನಾಡಿಗ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಉದ್ಯೋಗದ ಕಾರಣದಿಂದ ಕೆಲವು ವರ್ಷಗಳಿಂದ ಇಂಗ್ಲೆಂಡಿನಲ್ಲಿರುವ ನಾನು ಕಳೆದ ವಾರ ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜಿನ ಪ್ರಾರ್ಥನಾ ಮಂದಿರವನ್ನು ನೋಡಿ ಬಂದೆ. ಬಾಗಿಲು ದಾಟಿ ಕತ್ತೆತ್ತಿದವನು ಬಹಳ ಹೊತ್ತು ಅಲ್ಲಿಂದ ಕದಲಲಿಲ್ಲ. ಸುಮಾರು 88 ಮೀಟರ್ ಉದ್ದ, 12 ಮೀಟರಿಗಿಂತ ತುಸು ಹೆಚ್ಚು ಅಗಲ, 24 ಮೀಟರ್ ಎತ್ತರದ ಆ ಸಭಾಂಗಣದ ಎರಡೂ ಬದಿಯ ಗೋಡೆಗಂಬಗಳಿಂದ ಕಲ್ಲಿನ ಪಟ್ಟಿಗಳು ಬೀಸಣಿಗೆಯ ಕಡ್ಡಿಗಳಂತೆ ಬಿಚ್ಚಿಕೊಂಡು ಮೇಲೇರಿ, ನಡುವಿನ ಗೆರೆಯಲ್ಲಿ ಎದುರು ಬದಿಯಿಂದ ಬಂದ ಬೀಸಣಿಗೆಗಳನ್ನು ಸಂಧಿಸುತ್ತವೆ. ಅರಸ ಆರನೇ ಹೆನ್ರಿ 1446ರಲ್ಲಿ ಆರಂಭಿಸಿದ ಈ ಕಟ್ಟಡ ಅಂತಃಕಲಹಗಳ ನಡುವೆ ನಿಲ್ಲುತ್ತ ಸಾಗುತ್ತ ಹಲವು ದಶಕಗಳನ್ನು ಕಂಡಿತು. ಆದರೆ ಛಾವಣಿಯನ್ನು ಮಾತ್ರ ಜಾನ್ ವಾಸ್ಟೆಲ್ ಎಂಬ ಕಲ್ಲುಕೆಲಸದ ಮುಖ್ಯಸ್ಥ 1512ರಿಂದ 1515ರವರೆಗಿನ ಮೂರೇ ವರ್ಷಗಳಲ್ಲಿ ಮುಗಿಸಿದ. ಬೀಸಣಿಗೆ ಮಾದರಿಯ ಛಾವಣಿಗಳಲ್ಲಿ ಜಗತ್ತಿನಲ್ಲೇ ಇದು ದೊಡ್ಡದು.

ನನ್ನ ಪ್ರಶ್ನೆ ಇದು. ಆ ಪಟ್ಟಿಗಳು ನಿಜವಾಗಿಯೂ ಭಾರ ಹೊರುತ್ತಿವೆಯೇ, ಅಥವಾ ಅವು ಕಣ್ಣಿಗೆ ಮಾತ್ರವೇ? ಭಾರ ಹೊರುವ ಕಲ್ಲೇ ಅಲಂಕಾರವೂ ಆಗಿರುವ ಛಾವಣಿಯನ್ನು ಮಾತ್ರ ಶ್ರೇಷ್ಠ ಎನ್ನಬೇಕು, ಗಿಲಾವಿನ ಮೇಲೆ ಎಷ್ಟೇ ಚೆನ್ನಾಗಿ ಬರೆದರೂ ಅದು ಚಿತ್ರಕಲೆಯ ಲೆಕ್ಕಕ್ಕೆ ಸೇರುತ್ತದೆಯೇ ಹೊರತು ವಾಸ್ತುವಿನ ಲೆಕ್ಕಕ್ಕಲ್ಲ ಎಂಬುದು ನನ್ನ ನಂಬಿಕೆ. ತಿಳಿದವರು ಒಪ್ಪದಿದ್ದರೆ ದಯವಿಟ್ಟು ತಿದ್ದಬೇಕು.

ಗಾರೆಕಲ್ಲು

ಮಲೆನಾಡಿಗರೇ, ನಾನು ವೃತ್ತಿಯಿಂದ ಕಟ್ಟಡಗಳ ಬಲವನ್ನು ಲೆಕ್ಕ ಹಾಕುವವನಾದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ಉತ್ತರಿಸುತ್ತೇನೆ, ಎರಡನೆಯದನ್ನು ಕಲಾವಿದರಿಗೆ ಬಿಡುತ್ತೇನೆ.

ಮಧ್ಯಯುಗದ ಯುರೋಪಿನ ಗಾಥಿಕ್ ಶೈಲಿಯ ಹಳೆಯ ಛಾವಣಿಗಳಲ್ಲಿ ಮೊದಲು ಪಟ್ಟಿಗಳನ್ನು ಕಮಾನಿನಂತೆ ನಿಲ್ಲಿಸಿ, ಆಮೇಲೆ ನಡುವಿನ ಜಾಗವನ್ನು ತೆಳುಗಲ್ಲುಗಳಿಂದ ಮುಚ್ಚುತ್ತಿದ್ದರು. ಬೀಸಣಿಗೆ ಛಾವಣಿಯಲ್ಲಿ ಸಾಮಾನ್ಯವಾಗಿ ಪಟ್ಟಿಯನ್ನೂ ನಡುವಿನ ಹಾಳೆಯನ್ನೂ ಒಂದೇ ಕಲ್ಲಿನಲ್ಲಿ ಕೆತ್ತಿರುತ್ತಾರೆ. ಎಂದರೆ ನೀವು ಕಡ್ಡಿ ಎಂದು ಕಂಡದ್ದು ಬೇರೆ ಕಡ್ಡಿಯಲ್ಲ, ಇಡೀ ಛಾವಣಿಯೇ ತೆಂಗಿನ ಕರಟದಂತೆ ಬಾಗಿದ ಒಂದು ತೆಳುವಾದ ಚಿಪ್ಪು. ಕೇಂಬ್ರಿಡ್ಜಿನಲ್ಲೇ ಪ್ರಾಧ್ಯಾಪಕರಾಗಿದ್ದ ಜಾಕ್ ಹೇಮನ್ ಅವರು ಈ ಛಾವಣಿಗಳನ್ನು ಚಿಪ್ಪುಗಳ ಗಣಿತದಿಂದಲೇ ವಿವರಿಸಿದರು. ಒಂದೊಂದು ಬೀಸಣಿಗೆಯೂ ಬಾಯಿ ಮೇಲಾಗಿ ಹಿಡಿದ ಆಲಿಕೆಯ ಅರ್ಧಭಾಗವಿದ್ದಂತೆ. ಅದರ ಮೇಲಂಚನ್ನು ಯಾವುದಾದರೂ ಒಂದು ಭಾರ ಒತ್ತಿ ಹಿಡಿಯದಿದ್ದರೆ ಅದು ಒಳಮುಖವಾಗಿ ಬೀಳುತ್ತದೆ. ನಡುಗೆರೆಯಲ್ಲಿ ಬೀಸಣಿಗೆಗಳ ನಡುವೆ ಉಳಿಯುವ ಚಪ್ಪಟೆ ಭಾಗಗಳೂ ಅಲ್ಲಿ ಕೆಳಕ್ಕೆ ಇಳಿಬಿದ್ದಂತೆ ಕಾಣುವ ದೊಡ್ಡ ಕೆತ್ತನೆಗಲ್ಲುಗಳೂ ಆ ಒತ್ತುವ ಕೆಲಸವನ್ನು ಮಾಡುತ್ತವೆ. ಯಾವುದು ಅಲಂಕಾರವೆಂದು ತೋರುತ್ತದೆಯೋ ಅದನ್ನು ತೆಗೆದರೆ ಛಾವಣಿಗೇ ಅಪಾಯ.

ಆದರೆ ಇನ್ನೊಂದು ಮಾತನ್ನೂ ಹೇಳಬೇಕು. ಆ ಕಲ್ಲಿನ ಚಿಪ್ಪಿನ ಮೇಲೆ ಓಕ್ ಮರದ ತೊಲೆಗಳ ಬೇರೆಯೇ ಒಂದು ಮಾಡು ಇದೆ. ಮಳೆ, ಹಿಮವನ್ನು ತಡೆಯುವುದು ಅದು. ನೀವು ಕಂಡ ಕಲ್ಲು ತನ್ನ ಭಾರವನ್ನು ತಾನು ಹೊತ್ತು ನಿಂತಿದೆ, ಮೇಲಿನ ಮಾಡನ್ನು ಹೊತ್ತಿಲ್ಲ. ನಿಮ್ಮ ಅಳತೆಗೋಲನ್ನು ಕಟ್ಟುನಿಟ್ಟಾಗಿ ಹಿಡಿದರೆ ಕಿಂಗ್ಸ್ ಕಾಲೇಜಿನ ಛಾವಣಿಯೂ ಭಾಗಶಃ ನೋಟಕ್ಕಾಗಿಯೇ ಇರುವುದು ಎನ್ನಬೇಕಾಗುತ್ತದೆ.

ನಿಮ್ಮ ಮಾತಿಗೆ ಪೂರ್ಣವಾಗಿ ಹೊಂದುವ ಛಾವಣಿ ಬೇಕಿದ್ದರೆ ರೋಮಿನ ಪ್ಯಾಂಥಿಯನ್ ಎಂಬ ಪ್ರಾಚೀನ ದೇವಾಲಯವನ್ನು ನೋಡಬೇಕು. ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ, ಎರಡನೇ ಶತಮಾನದ ಮೊದಲ ಭಾಗದಲ್ಲಿ ಮುಗಿದ ಆ ಗುಮ್ಮಟದ ಒಳವ್ಯಾಸ 43.3 ಮೀಟರ್, ನೆಲದಿಂದ ನೆತ್ತಿಯ ಕಂಡಿಗಿರುವ ಎತ್ತರವೂ ಅಷ್ಟೇ. ಉಕ್ಕಿನ ಒಂದು ಸರಳೂ ಇಲ್ಲದ ಕಾಂಕ್ರೀಟ್ ಗುಮ್ಮಟಗಳಲ್ಲಿ ಇಂದಿಗೂ ಅದಕ್ಕಿಂತ ದೊಡ್ಡದಿಲ್ಲ. ಬುಡದಲ್ಲಿ ಆರು ಮೀಟರಿಗೂ ಮೀರಿದ ದಪ್ಪ ನೆತ್ತಿಗೆ ಬರುವಷ್ಟರಲ್ಲಿ ಒಂದು ಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಕಾಂಕ್ರೀಟಿಗೆ ಬೆರೆಸಿದ ಕಲ್ಲೂ ಕೆಳಗೆ ಭಾರವಾದದ್ದು, ಮೇಲೆ ಹೋದಂತೆ ಹಗುರವಾದದ್ದು, ತುತ್ತತುದಿಯಲ್ಲಿ ನೀರಿನಲ್ಲಿ ತೇಲುವ ಜ್ವಾಲಾಮುಖಿಯ ಕಲ್ಲು. ಒಳಮೈಯಲ್ಲಿ ಐದು ಸಾಲು, ಸಾಲಿಗೆ 28ರಂತೆ ಇರುವ ಚೌಕ ಗುಳಿಗಳು ಕಣ್ಣಿಗೆ ಹಬ್ಬ, ಅದರ ಜೊತೆಗೆ ಅಷ್ಟು ಕಾಂಕ್ರೀಟಿನ ಭಾರವೂ ಕಡಿಮೆಯಾಯಿತು. ನೆತ್ತಿಯ ಕಂಡಿ ತೆರೆದೇ ಇದೆ. ಮಳೆ ನೇರವಾಗಿ ಒಳಗೆ ಬೀಳುತ್ತದೆ, ನೆಲವನ್ನು ತುಸು ಉಬ್ಬಿಸಿ, ಅಲ್ಲಲ್ಲಿ ತೂತು ಬಿಟ್ಟು ನೀರು ಇಳಿದುಹೋಗುವಂತೆ ಮಾಡಿದ್ದಾರೆ.

ಕುಂಚ

ಶಾಲಾ ಮಕ್ಕಳಿಗೆ ಚಿತ್ರಕಲೆ ಕಲಿಸುವ ನಾನು ಎರಡನೆಯ ಪ್ರಶ್ನೆಗೆ ಉತ್ತರಿಸದೆ ಸುಮ್ಮನಿರಲಾರೆ. ಬರೆದ ಛಾವಣಿ ವಾಸ್ತುವಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ವ್ಯಾಟಿಕನ್ನಿನ ಸಿಸ್ಟೀನ್ ಮಂದಿರದ ಛಾವಣಿಯನ್ನೇ ತೆಗೆದುಕೊಳ್ಳಿ. ಉದ್ದ ಸುಮಾರು 40 ಮೀಟರ್, ಅಗಲ ಸುಮಾರು 13 ಮೀಟರ್, ಪಿಯೆರ್‌ಮತ್ತೆಯೊ ದಾಮೆಲಿಯಾ ಎಂಬ ಚಿತ್ರಕಾರ ಅದಕ್ಕೆ ಮೊದಲು ಕೊಟ್ಟಿದ್ದುದು ನೀಲಿ ಬಣ್ಣದ ಮೇಲೆ ಚಿನ್ನದ ನಕ್ಷತ್ರಗಳ ಒಂದು ಸರಳ ಆಕಾಶ. 1508ರಿಂದ 1512ರವರೆಗೆ ಮೈಕೆಲೇಂಜೆಲೊ ಅಲ್ಲಿ ಕೇವಲ ಕಥೆಗಳನ್ನು ಬರೆಯಲಿಲ್ಲ. ಆ ನುಣುಪಾದ ಬಾಗಿನ ಮೇಲೆ ಇಲ್ಲದ ಅಡ್ಡಪಟ್ಟಿಗಳನ್ನು, ಇಲ್ಲದ ಕಂಬಗಳನ್ನು, ಇಲ್ಲದ ಸೂರಂಚನ್ನು ಬಣ್ಣದಲ್ಲಿ ಕಟ್ಟಿದ, ಆ ಕಟ್ಟಡದ ಅಂಕಣಗಳೊಳಗೆ ಪ್ರವಾದಿಗಳನ್ನು ಕೂರಿಸಿದ. ಪೂಜಾವೇದಿಕೆಯ ಮೇಲಿರುವ ಯೋನನೆಂಬ ಪ್ರವಾದಿಯ ಆಕೃತಿಯನ್ನು ನೋಡಬೇಕು. ಅಲ್ಲಿ ಗೋಡೆ ನೋಡುಗನ ಕಡೆಗೆ ಮುಂದಕ್ಕೆ ಬಾಗಿದೆ, ಆದರೆ ಅದರ ಮೇಲಿನ ಯೋನ ಹಿಂದಕ್ಕೆ ಒರಗಿದಂತೆ ಕಾಣುತ್ತಾನೆ. ಬಾಗಿದ ಮೈಯ ಲೆಕ್ಕವನ್ನು ಕಟ್ಟಡಗಾರನಷ್ಟೇ ಖಚಿತವಾಗಿ ತಿಳಿಯದವನಿಗೆ ಇದು ಸಾಧ್ಯವಿಲ್ಲ.

ಅವನು ಮಲಗಿಕೊಂಡು ಬರೆದನೆಂಬ ಮಾತು ಜನಜನಿತವಾಗಿದೆ, ಅದು ಸರಿಯಲ್ಲ. ತಾನೇ ರೂಪಿಸಿದ ಅಟ್ಟಣಿಗೆಯ ಮೇಲೆ ನಿಂತು, ಕತ್ತನ್ನು ಹಿಂದಕ್ಕೆ ಚೆಲ್ಲಿ ಬರೆದ, ಮುಖದ ಮೇಲೆ ಬಣ್ಣ ತೊಟ್ಟಿಕ್ಕುತ್ತಿದ್ದುದನ್ನೂ ಗಂಟಲು ಊದಿಕೊಂಡುದನ್ನೂ ತನ್ನದೇ ಒಂದು ಪದ್ಯದಲ್ಲಿ ಹೇಳಿಕೊಂಡಿದ್ದಾನೆ. ಹಸಿ ಸುಣ್ಣದ ಗಾರೆ ಒಣಗುವ ಮೊದಲೇ ಬಣ್ಣ ಹಚ್ಚಬೇಕಾದ್ದರಿಂದ ಆ ದಿನ ಮುಗಿಸಬಲ್ಲಷ್ಟಕ್ಕೆ ಮಾತ್ರ ಗಾರೆ ಬಳಿಯಬೇಕು. ಆರಂಭದಲ್ಲಿ ಬೂಷ್ಟು ಹತ್ತಿ ಕೆಲಸ ಕೆಟ್ಟದ್ದೂ ಉಂಟು. ಬಣ್ಣವು ಗಾರೆಯ ಸುಣ್ಣದೊಳಗೇ ಸೇರಿ ಗಟ್ಟಿಯಾಗುವ ಈ ಕೆಲಸವನ್ನು ಗೋಡೆಯಿಂದ ಬೇರ್ಪಡಿಸಿ ಎಣಿಸುವುದು ಹೇಗೆ, ಮಲೆನಾಡಿಗರೇ?

ಅದೇ ರೋಮಿನಲ್ಲಿ ಸಂತ ಇಗ್ನೇಷಿಯಸ್ ಚರ್ಚಿದೆ. ಅಲ್ಲಿ ಕಟ್ಟಬೇಕಾಗಿದ್ದ ಗುಮ್ಮಟವನ್ನು ಕಟ್ಟಲಾಗಲಿಲ್ಲ. ಆಗ ಜೆಸ್ಯೂಟ್ ಎಂಬ ಕ್ಯಾಥೋಲಿಕ್ ಧಾರ್ಮಿಕ ಸಂಘದ ಸದಸ್ಯನೇ ಆಗಿದ್ದ ಆಂಡ್ರಿಯಾ ಪೊತ್ಸೊ 1685ರಲ್ಲಿ ಒಂದು ದೊಡ್ಡ ಬಟ್ಟೆಯ ಮೇಲೆ ಗುಮ್ಮಟದ ಒಳನೋಟವನ್ನು ಬರೆದು ಆ ಜಾಗದಲ್ಲಿ ಚಪ್ಪಟೆಯಾಗಿ ಹರಡಿದ. ಮುಂದೆ 1694ರ ಹೊತ್ತಿಗೆ ನಡುಸಾಲೆಯ ಬಾಗುಛಾವಣಿಯನ್ನೂ ಮುಗಿಸಿ, ಗೋಡೆಗಳು ಆಕಾಶದವರೆಗೆ ಬೆಳೆದು ತೆರೆದುಕೊಂಡಂತೆ ಮಾಡಿದ. ನೆಲದಲ್ಲಿ ಒಂದು ಅಮೃತಶಿಲೆಯ ಬಿಲ್ಲೆ ಇದೆ. ಅದರ ಮೇಲೆ ನಿಂತರೆ ಎಲ್ಲ ಕಂಬಗಳೂ ನೆಟ್ಟಗೆ ನಿಲ್ಲುತ್ತವೆ, ಹತ್ತು ಹೆಜ್ಜೆ ಸರಿದರೆ ಅದೇ ಕಂಬಗಳು ವಾಲತೊಡಗುತ್ತವೆ. ನೋಡುವವನು ಎಲ್ಲಿ ನಿಲ್ಲಬೇಕೆಂಬುದನ್ನೂ ಸೇರಿಸಿ ವಿನ್ಯಾಸ ಮಾಡಿದವನನ್ನು ವಾಸ್ತುವಿನಿಂದ ಹೊರಗಿಡುವುದು ನ್ಯಾಯವಲ್ಲ.

ಮಲೆನಾಡಿಗ

ಕುಂಚ ಅವರೇ, ಯೋನನ ವಿಷಯ ನನಗೆ ತಿಳಿದಿರಲಿಲ್ಲ. ಮುಂದಕ್ಕೆ ಬಾಗಿದ ಕಲ್ಲಿನ ಮೇಲೆ ಹಿಂದಕ್ಕೆ ಒರಗಿದ ದೇಹ ಎಂಬುದನ್ನು ಓದಿದ ಮೇಲೆ ನನ್ನ ಮಾತು ಆತುರದ್ದಾಯಿತೆಂದು ಒಪ್ಪಿಕೊಳ್ಳುತ್ತೇನೆ. ಗಾರೆಕಲ್ಲು ಅವರು ಹೇಳಿದ ಓಕ್ ಮಾಡಿನ ವಿಷಯವೂ ಹೊಸದು. ಆದರೂ ಭಾರದ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕಮಾನೂ ಅಲ್ಲದ, ಗುಮ್ಮಟವೂ ಅಲ್ಲದ, ಪೂರ್ತಿ ಚಪ್ಪಟೆಯಾದ ಕಲ್ಲಿನ ಛಾವಣಿ ದೊಡ್ಡ ಹರವಿನಲ್ಲಿ ಎಲ್ಲಾದರೂ ಇದೆಯೇ?

ವಿಜಯಪುರದ ಓದುಗ

ಇದೆ, ನಮ್ಮ ಊರಿನಲ್ಲೇ ಇದೆ. ವಿಜಯಪುರಕ್ಕೆ ಬಂದವರು ಗೋಳಗುಮ್ಮಟದ ಪ್ರತಿಧ್ವನಿ ಕೇಳಿ ಹೊರಟುಬಿಡುತ್ತಾರೆ, ಇಬ್ರಾಹಿಂ ರೋಜಾದ ಒಳಕೋಣೆಯಲ್ಲಿ ತಲೆಯೆತ್ತಿ ನಿಲ್ಲುವವರು ಕಡಿಮೆ ಎಂಬ ನೋವು ನನಗೆ ಬಹಳ ದಿನಗಳಿಂದ ಇದೆ.

ಎರಡನೇ ಇಬ್ರಾಹಿಂ ಆದಿಲ್‌ಶಾಹನ ಸಮಾಧಿಯಿರುವ ಆ ಕೋಣೆ ಸುಮಾರು 40 ಅಡಿ ಚೌಕದ್ದು. ನಾಲ್ಕು ಗೋಡೆಗಳಿಂದಲೂ ಸುಮಾರು ಹತ್ತು ಹತ್ತು ಅಡಿಯಷ್ಟು ಬಾಗು ಒಳಕ್ಕೆ ಚಾಚಿಕೊಂಡು ಬರುತ್ತದೆ. ಆ ಬಾಗಿನ ನಡುವೆ ಉಳಿಯುವ ದೊಡ್ಡ ಚೌಕ ಅಂಗೈಯಷ್ಟು ಸಪಾಟಾಗಿದೆ. ಕೆಳಗೆ ಕಂಬವಿಲ್ಲ, ತೊಲೆಯಿಲ್ಲ, ಕಮಾನಿಲ್ಲ. ಕಲ್ಲಿನ ಹಾಸುಗಳನ್ನು ಅಂಚಿಗೆ ಅಂಚು ಕೂಡಿಸಿ ನಿಲ್ಲಿಸಿದ್ದಾರೆ. 19ನೇ ಶತಮಾನದಲ್ಲಿ ಭಾರತದ ವಾಸ್ತುವಿನ ಇತಿಹಾಸ ಬರೆದ ಜೇಮ್ಸ್ ಫರ್ಗುಸನ್ ಈ ಛಾವಣಿ ನಿಂತಿರುವ ಬಗೆಯೇ ಒಂದು ಒಗಟೆಂದು ಕರೆದು, ಇಲ್ಲಿನವರು ಗಚ್ಚನ್ನು ಬಳಸುವ ರೀತಿಯನ್ನು ಬಲ್ಲವರಿಗೆ ಮಾತ್ರ ಅದು ಅರ್ಥವಾದೀತೆಂದು ಬರೆದ. ಈ ಛಾವಣಿಯ ಮೇಲೆ, ಗುಮ್ಮಟದ ಕೆಳಗೆ, ಇನ್ನೊಂದು ಕೋಣೆಯೂ ಇದೆ. ಗೋಡೆಯೊಳಗಿನ ಕಿರಿದಾದ ಮೆಟ್ಟಿಲ ಹೊರತು ಅದಕ್ಕೆ ಬೇರೆ ದಾರಿಯಿಲ್ಲ. ಅದು ಯಾವ ಬಳಕೆಗೆಂದು ಫರ್ಗುಸನ್ನನಿಗೂ ತಿಳಿಯಲಿಲ್ಲ.

ಕೆಲಸ ಮಾಡಿಸಿದ ಮಲಿಕ್ ಸಂದಲನ ಹೆಸರು ಅಲ್ಲಿನ ಶಾಸನದಲ್ಲಿದೆ. 1627ರಲ್ಲಿ ಇಬ್ರಾಹಿಂ ತೀರಿಕೊಂಡ. ಸುಮಾರು 30 ವರ್ಷಗಳ ಬಳಿಕ ಅವನ ಮಗನ ಸಮಾಧಿಯಾದ ಗೋಳಗುಮ್ಮಟ ಇದೇ ಊರಿನಲ್ಲಿ ಎದ್ದಿತು. ಒಂದೇ ಊರು, ಎರಡು ತಲೆಮಾರು, ಎರಡು ಪೂರ್ತಿ ವಿರುದ್ಧ ಛಾವಣಿಗಳು.

ಗಾರೆಕಲ್ಲು

ವಿಜಯಪುರದ ಓದುಗರಿಗೆ ವಂದನೆಗಳು. ಇಬ್ರಾಹಿಂ ರೋಜಾದ ಛಾವಣಿಯ ಗುಟ್ಟನ್ನು ನಾನು ಅರ್ಥಮಾಡಿಕೊಂಡಿರುವ ಬಗೆ ಇದು. ಕಲ್ಲಿಗೆ ಒತ್ತಡವನ್ನು ತಾಳುವ ಶಕ್ತಿ ಅಪಾರ, ಎಳೆತವನ್ನು ತಾಳುವ ಶಕ್ತಿ ತೀರಾ ಕಡಿಮೆ. ಚಪ್ಪಟೆ ಹಾಸಿನ ತಳಭಾಗ ಎಳೆತಕ್ಕೆ ಸಿಕ್ಕಿ ಬಿರಿಯುವುದು ಸಹಜ. ಅದನ್ನು ತಪ್ಪಿಸಲು ಎರಡು ದಾರಿಗಳಿವೆ. ಒಂದು, ನಾಲ್ಕೂ ಕಡೆಯ ಬಾಗನ್ನು ಮುಂದಕ್ಕೆ ಚಾಚಿ ಚಪ್ಪಟೆ ಭಾಗದ ಹರವನ್ನು ಕಡಿಮೆ ಮಾಡುವುದು. ಇನ್ನೊಂದು, ಒಳ್ಳೆಯ ಸುಣ್ಣದ ಗಚ್ಚಿನಿಂದ ಬಿಡಿ ಹಾಸುಗಳನ್ನು ಒಂದೇ ದಪ್ಪ ಹಲಗೆಯಂತೆ ಬೆಸೆದು, ಸುತ್ತಲಿನ ಭಾರವಾದ ಗೋಡೆಗಳ ನಡುವೆ ಬಿಗಿಯಾಗಿ ಸಿಕ್ಕಿಸುವುದು. ಹಾಗೆ ಬಿಗಿದಾಗ ಕಣ್ಣಿಗೆ ಕಾಣದ ಒಂದು ತಗ್ಗಿನ ಕಮಾನು ಆ ದಪ್ಪದೊಳಗೇ ಹುಟ್ಟಿಕೊಳ್ಳುತ್ತದೆ. ಮೇಲೆ ಗುಮ್ಮಟದ ಭಾರವನ್ನು ಹೇರದೆ ಖಾಲಿ ಕೋಣೆಯನ್ನು ಬಿಟ್ಟದ್ದೂ ವಿವೇಕದ ಕೆಲಸವೇ.

ಗೋಳಗುಮ್ಮಟದ ಸಮಸ್ಯೆ ಬೇರೆ. ಕೋಣೆ ಚೌಕ, ಗುಮ್ಮಟ ಗುಂಡು. ಚೌಕದ ಮೇಲೆ ವೃತ್ತವನ್ನಿಟ್ಟರೆ ನಾಲ್ಕು ಮೂಲೆಗಳು ಬರಿದಾಗಿ ಉಳಿಯುತ್ತವೆ. ಜಗತ್ತಿನ ದೊಡ್ಡ ಛಾವಣಿಗಳ ಕಥೆಯೆಲ್ಲ ಬಹುಮಟ್ಟಿಗೆ ಈ ಮೂಲೆಗಳ ಕಥೆಯೇ ಎಂದು ನನಗೆ ಅನಿಸುತ್ತದೆ. ಇಸ್ತಾಂಬುಲಿನ ಹಗಿಯಾ ಸೋಫಿಯಾದಲ್ಲಿ ಆಂಥೆಮಿಯಸ್ ಮತ್ತು ಇಸಿಡೋರ್ ಎಂಬ ಇಬ್ಬರು 532ರಿಂದ 537ರ ಒಳಗೆ ಮೂಲೆಗಳಲ್ಲಿ ಗೋಳದ ತುಣುಕಿನಂತೆ ಬಾಗಿದ ತ್ರಿಕೋನಗಳನ್ನು ಕಟ್ಟಿ ಸುಮಾರು 31 ಮೀಟರ್ ವ್ಯಾಸದ ಗುಮ್ಮಟವನ್ನು ಕೂರಿಸಿದರು. ಅದರ ಬುಡದ ಸುತ್ತ 40 ಕಿಟಕಿಗಳಿರುವುದರಿಂದ ಗುಮ್ಮಟ ಬೆಳಕಿನ ಉಂಗುರದ ಮೇಲೆ ತೇಲುವಂತೆ ಕಾಣುತ್ತದೆ. ಆದರೆ ಮೊದಲ ಗುಮ್ಮಟ ತೀರಾ ತಗ್ಗಾಗಿದ್ದುದರಿಂದ ಹೊರಕ್ಕೆ ಒದೆಯುವ ಬಲ ಹೆಚ್ಚಿ, ಭೂಕಂಪಗಳ ಪೆಟ್ಟೂ ಸೇರಿ 558ರಲ್ಲಿ ಕುಸಿಯಿತು. ಆಮೇಲೆ ಇಸಿಡೋರನ ಸಂಬಂಧಿಯೊಬ್ಬ ಅದನ್ನು ಇನ್ನಷ್ಟು ಎತ್ತರಿಸಿ ಕಟ್ಟಿದ. ಗೋಳಗುಮ್ಮಟದವರು ಮೂಲೆಗಳನ್ನು ಗೆದ್ದದ್ದು ಒಂದನ್ನೊಂದು ಹಾಯ್ದು ಹೋಗುವ ಎಂಟು ಕಮಾನುಗಳಿಂದ. ಎರಡು ಚೌಕಗಳನ್ನು ಒಂದರ ಮೇಲೊಂದು ಓರೆಯಾಗಿ ಇಟ್ಟಾಗ ಮೂಡುವ ಎಂಟು ಮೂಲೆಯ ನಕ್ಷತ್ರವೇ ಅಲ್ಲಿ ಗುಮ್ಮಟವನ್ನು ಹೊತ್ತಿದೆ.

ರೇಖಾಗಣಿತ

ಗಾರೆಕಲ್ಲು ಅವರು ಎಂಟು ಮೂಲೆಯ ನಕ್ಷತ್ರದ ಮಾತೆತ್ತಿದ್ದರಿಂದ ಸ್ಪೇನಿನ ಗ್ರನಾಡಾದಲ್ಲಿರುವ ಅಲ್‌ಹಂಬ್ರಾ ಅರಮನೆಯನ್ನು ನೆನೆಯಲೇಬೇಕು. ಅಲ್ಲಿ ಅಬೆನ್ಸೆರ್ರಾಹೆಗಳ ಸಭಾಂಗಣದ ಛಾವಣಿ ಅಂಥದ್ದೇ ನಕ್ಷತ್ರ. ಅದರ ಎದುರಿನ ಇಬ್ಬರು ಸಹೋದರಿಯರ ಸಭಾಂಗಣದಲ್ಲಿ ಐದು ಸಾವಿರಕ್ಕೂ ಹೆಚ್ಚು ಪುಟ್ಟ ಗೂಡುಗಳು ಜೇನುಹುಟ್ಟಿಯಂತೆ ಒಂದರ ಮೇಲೊಂದು ಏರಿವೆ. ಎರಡೂ 14ನೇ ಶತಮಾನದಲ್ಲಿ, ಐದನೇ ಮುಹಮ್ಮದನ ಕಾಲದಲ್ಲಿ ಆದವು. ಮುಕರ್ನಸ್ ಎಂದು ಕರೆಯುವ ಈ ಗೂಡುಗಳು ಗಾರೆಯವು. ಅವು ಏನನ್ನೂ ಹೊತ್ತಿಲ್ಲ, ಮೇಲಿನ ಕಟ್ಟಡಕ್ಕೆ ಅಂಟಿಕೊಂಡು ಇಳಿಬಿದ್ದಿವೆ. ಮಲೆನಾಡಿಗರ ಮೊದಲ ಅಳತೆಗೋಲಿನಲ್ಲಿ ಇವಕ್ಕೆ ಸ್ಥಾನವೇ ಇರಲಿಲ್ಲ. ಆದರೆ ಕೆಲವೇ ಮೂಲ ಆಕಾರಗಳನ್ನು ಮತ್ತೆ ಮತ್ತೆ ಜೋಡಿಸಿ ಚೌಕವನ್ನು ಎಂಟು ಮೂಲೆಗೆ, ಎಂಟನ್ನು ವೃತ್ತಕ್ಕೆ ಕರೆದೊಯ್ಯುವ ಆ ಲೆಕ್ಕ ಅಪ್ಪಟ ವಾಸ್ತುವಿನದು. ಗೋಡೆಯ ಮೇಲೆ ಇಬ್ನ್ ಜಮ್ರಕ್ ಎಂಬ ಕವಿಯ ಪದ್ಯವನ್ನು ಕೆತ್ತಿದ್ದಾರೆ, ಆ ಪದ್ಯ ಛಾವಣಿಯನ್ನೇ ನಕ್ಷತ್ರಲೋಕಕ್ಕೆ ಹೋಲಿಸುತ್ತದೆ. ಅದೇ ಅರಮನೆಯ ರಾಯಭಾರಿಗಳ ಸಭಾಂಗಣದ ಛಾವಣಿ ಮಾತ್ರ ಮರದ್ದು. 8,017 ಮರದ ತುಣುಕುಗಳನ್ನು ಕೂಡಿಸಿ ಏಳು ಸ್ವರ್ಗಗಳನ್ನು ಏಳು ಹಂತದ ನಕ್ಷತ್ರಗಳಲ್ಲಿ ತೋರಿಸಿದ್ದಾರೆ.

ಇರಾನಿನ ಇಸ್ಫಹಾನಿನಲ್ಲಿ, ಶಾ ಅಬ್ಬಾಸನ ಕಾಲದ ಶೇಖ್ ಲುತ್ಫುಲ್ಲಾ ಮಸೀದಿಯಲ್ಲಿ, ಇದೇ ಲೆಕ್ಕ ಹೆಂಚಿನಲ್ಲಿ ನಡೆದಿದೆ. ಗುಮ್ಮಟದ ಒಳಮೈಯಲ್ಲಿ ನಿಂಬೆಯಾಕಾರದ ಬಿಲ್ಲೆಗಳು ನೆತ್ತಿಯ ಕಡೆಗೆ ಹೋದಂತೆ ಸಣ್ಣದಾಗುತ್ತ ಹೋಗುತ್ತವೆ. ನೆತ್ತಿಯಲ್ಲಿ ಬರೆದಿರುವುದು ಒಂದು ನವಿಲು, ಅದಕ್ಕೆ ಉದ್ದ ಗರಿಯಿಲ್ಲ. ಬಾಗಿಲಿನ ಕಡೆಯಿಂದ ನೋಡುವವನಿಗೆ ಕಿಟಕಿಯಿಂದ ಬಿದ್ದ ಬಿಸಿಲ ಕೋಲು ಆ ನವಿಲಿಗೆ ಬಾಲವಾಗುತ್ತದೆ. ಬೆಳಕನ್ನು ಹೀಗೆ ಕಟ್ಟಡದ ಸಾಮಗ್ರಿಯಂತೆ ಬಳಸಿದ ಇನ್ನೊಂದು ಛಾವಣಿಯನ್ನು ನಾನು ಕಂಡಿಲ್ಲ.

ತರೀಕೆರೆ ಸೀಮೆಯವನು

ಇಷ್ಟು ಹೊತ್ತು ಓದುತ್ತ ಕುಳಿತಿದ್ದವನು ಮೂಲೆಗಳ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಹೊಯ್ಸಳರ ಕೆಲಸಗಾರರು ಈ ಲೆಕ್ಕವನ್ನು ಕಮಾನಿಲ್ಲದೆಯೇ ಬಿಡಿಸಿದ್ದಾರೆ. ನಾಲ್ಕು ಕಂಬಗಳ ಮೇಲೆ ನಾಲ್ಕು ತೊಲೆಗಳನ್ನಿಟ್ಟರೆ ಒಂದು ಅಂಕಣವಾಗುತ್ತದೆ. ಆ ಚೌಕದ ಮೂಲೆಗಳ ಮೇಲೆ ತ್ರಿಕೋನದ ಕಲ್ಲುಗಳನ್ನಿಟ್ಟರೆ ಬಯಲು ಕಿರಿದಾಗಿ ಎಂಟು ಮೂಲೆಯದಾಗುತ್ತದೆ. ಅದರ ಮೇಲೆ ಕಲ್ಲಿನ ಬಳೆಗಳನ್ನು, ಪ್ರತಿಯೊಂದನ್ನೂ ಕೆಳಗಿನದಕ್ಕಿಂತ ತುಸು ಒಳಕ್ಕೆ ಚಾಚಿ, ಸುತ್ತು ಸುತ್ತಾಗಿ ಏರಿಸುತ್ತಾರೆ. ಬಳೆಯ ಕಲ್ಲುಗಳು ಒಂದನ್ನೊಂದು ಒತ್ತಿ ಹಿಡಿಯುತ್ತವೆ, ಕೊನೆಗೆ ಉಳಿದ ನೆತ್ತಿಯ ಬಯಲನ್ನು ಒಂದೇ ಕಲ್ಲು ಮುಚ್ಚುತ್ತದೆ, ಅದರಿಂದ ಮೊಗ್ಗೊಂದು ಕೆಳಕ್ಕೆ ಇಳಿದಿರುತ್ತದೆ. ಇದನ್ನೇ ನಮ್ಮಲ್ಲಿ ಭುವನೇಶ್ವರಿ ಎನ್ನುತ್ತಾರೆ. ಬೇಲೂರಿನ ನವರಂಗದ ನಡುವಿನ ಭುವನೇಶ್ವರಿಯ ಮೊಗ್ಗಿನ ತುದಿಯಲ್ಲಿ ಹಿರಣ್ಯಕಶಿಪುವನ್ನು ಸೀಳುವ ನರಸಿಂಹನಿದ್ದಾನೆ. ಸೋಮನಾಥಪುರದಲ್ಲಿ ಬಾಳೆಮೂತಿ ಮೊಗ್ಗಾಗಿರುವುದರಿಂದ ಹಿಡಿದು ಅರಳುವವರೆಗಿನ ಹಂತಗಳನ್ನೇ ಬೇರೆ ಬೇರೆ ಅಂಕಣಗಳ ನೆತ್ತಿಯಲ್ಲಿ ಕೆತ್ತಿದ್ದಾರೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಗಟ್ಟಿಯಾಗುವುದರಿಂದ ಅಷ್ಟು ಆಳದ ಕೆತ್ತನೆ ಸಾಧ್ಯವಾಯಿತು.

ನನಗೆ ಇವೆಲ್ಲಕ್ಕಿಂತ ಹತ್ತಿರದ ಛಾವಣಿಗಳಿರುವುದು ನಮ್ಮ ಅಮೃತಾಪುರದಲ್ಲಿ. ಎರಡನೇ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮಿತಯ್ಯ ದಂಡನಾಯಕನು ಕಟ್ಟಿಸಿದ ಅಮೃತೇಶ್ವರ ದೇವಾಲಯದ ತೆರೆದ ಮಂಟಪದ ಛಾವಣಿಗಳಲ್ಲಿ ರೂವಾರಿ ಮಲ್ಲಿತಮ್ಮ ಕೆಲಸ ಮಾಡಿದ. ಅವನ ವೃತ್ತಿಜೀವನದ ಆರಂಭ ಅಲ್ಲಿಯೇ ಎಂದು ವಿದ್ವಾಂಸರು ಹೇಳುತ್ತಾರೆ. ಸುಮಾರು 60 ವರ್ಷಗಳ ಬಳಿಕ ಸೋಮನಾಥಪುರದ ಮೂರ್ತಿಗಳ ಕೆಳಗೆ ಮತ್ತೆ ಅದೇ ಹೆಸರು ಕಾಣಿಸುತ್ತದೆ. ವಾಸ್ಟೆಲ್‌, ಮಲಿಕ್ ಸಂದಲರ ಹೆಸರು ಬಂದ ಚರ್ಚೆಯಲ್ಲಿ ಮಲ್ಲಿತಮ್ಮನ ಹೆಸರೂ ಬರಬೇಕೆಂದು ಇಷ್ಟು ಬರೆದೆ.

ಮಲೆನಾಡಿಗ

ತರೀಕೆರೆಯವರೇ, ನಾನು ಹುಟ್ಟಿದ ಊರಿನಿಂದ ಅಮೃತಾಪುರ ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಚಿಕ್ಕಂದಿನಲ್ಲಿ ಆ ಮಂಟಪದಲ್ಲಿ ಬುತ್ತಿ ಬಿಚ್ಚಿ ಉಂಡ ನೆನಪಿದೆ, ತಲೆಯೆತ್ತಿದ ನೆನಪಿಲ್ಲ. ನಾನು ಆರಂಭದಲ್ಲಿ ಇಟ್ಟ ಮಾತನ್ನು ಹೀಗೆ ತಿದ್ದಿಕೊಳ್ಳುತ್ತೇನೆ. ಛಾವಣಿ ಭಾರವನ್ನು ಹೊರಲಿ ಬಿಡಲಿ, ಚೌಕವಾದ ಕೋಣೆಯಲ್ಲಿ ನಿಂತವನ ಕಣ್ಣನ್ನು ಅದು ಯಾವ ದಾರಿಯಲ್ಲಿ ನೆತ್ತಿಗೆ ಕರೆದೊಯ್ಯುತ್ತದೆ ಎಂಬುದನ್ನು ಇನ್ನು ಮುಂದೆ ಮೊದಲು ನೋಡುತ್ತೇನೆ. ಡಿಸೆಂಬರಿನಲ್ಲಿ ಊರಿಗೆ ಬರುತ್ತಿದ್ದೇನೆ. ಅಮೃತಾಪುರವನ್ನು ಯಾವ ಹೊತ್ತಿನಲ್ಲಿ, ಹೇಗೆ ನೋಡಬೇಕೆಂದು ತಿಳಿಸುವಿರಾ?

ತರೀಕೆರೆ ಸೀಮೆಯವನು

ಸಂತೋಷದಿಂದ ತಿಳಿಸುತ್ತೇನೆ. ಮಂಟಪ ತೆರೆದದ್ದಾದ್ದರಿಂದ ಬಿಸಿಲು ಓರೆಯಾಗಿ ಒಳಗೆ ಬರುವ ಬೆಳಗಿನ ಹೊತ್ತು ಒಳ್ಳೆಯದು, ಆಗ ಕೆತ್ತನೆಯ ಆಳ ನೆರಳಿನಿಂದಲೇ ತಿಳಿಯುತ್ತದೆ. ಪೂಜೆ ನಡೆಯುವ ದೇವಾಲಯವಾದ್ದರಿಂದ ಪೂಜೆಯ ಹೊತ್ತಿಗೆ ಬದಿಗೆ ಸರಿದು ನಿಲ್ಲಬೇಕು. ಮಂಟಪದ ಅಂಚಿನ ಅಂಕಣಗಳಿಂದ ಆರಂಭಿಸಿ ಒಂದೊಂದೇ ಅಂಕಣದ ಕೆಳಗೆ ನಿಂತು, ಮೊದಲು ತೊಲೆ, ಆಮೇಲೆ ಮೂಲೆಯ ತ್ರಿಕೋನಗಳು, ಆಮೇಲೆ ಬಳೆಗಳನ್ನು ಎಣಿಸುತ್ತ ಮೊಗ್ಗಿಗೆ ತಲುಪಿರಿ. ಕತ್ತು ನೋಯುತ್ತದೆ, ಆದ್ದರಿಂದ ಒಂದು ಅಂಗೈಯಗಲದ ಕನ್ನಡಿಯನ್ನು ತನ್ನಿರಿ. ಎದೆಯ ಮಟ್ಟದಲ್ಲಿ ಹಿಡಿದು ಕೆಳಗೆ ನೋಡಿದರೆ ಇಡೀ ಭುವನೇಶ್ವರಿ ಅದರಲ್ಲಿ ಬಂದು ನಿಲ್ಲುತ್ತದೆ.